ಹ್ಯಾಂಡಲ್ ಎತ್ತರವಾದಷ್ಟೂ ಆರಾಮವೇ?

ಸೈಕಲ್ ಹ್ಯಾಂಡಲ್ ಎಷ್ಟು ಮೇಲಿದ್ದರೆ ಅಷ್ಟು ಆರಾಮ, ಅಷ್ಟು ಸೇಫ್ ಎನ್ನುವ ಮೆಸೇಜ್ ಶಿವಮೊಗ್ಗದ ಗ್ರೂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಬೆನ್ನುನೋವಿರುವವರ ಮೇಲಿನ ಕಾಳಜಿಯಿಂದಲೇ ಕಳಿಸುತ್ತಾರೆ. ಆದರೆ ಮಾತು ಅರ್ಧ ಮಾತ್ರ ಸರಿ.

ಹ್ಯಾಂಡಲ್ ತುಂಬಾ ತಗ್ಗಿದ್ದರೆ ಅಂಗೈ, ಕತ್ತು ನೋಯುವುದು ನಿಜ. ತೀರಾ ಎತ್ತರಿಸಿದರೆ ಭಾರವೆಲ್ಲ ಸೀಟಿನ ಮೇಲೆ. ಗುಂಡಿಗೆ ಇಳಿದಾಗ ಪೆಟ್ಟು ನೇರ ಬೆನ್ನಿಗೆ. ಆಗುಂಬೆಯಂಥ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಅತ್ತಿತ್ತ ತೂಗುತ್ತದೆ. ಒರಗಿ ಕೂತು ತುಳಿಯುವ ರಿಕಂಬೆಂಟ್ ಸೈಕಲ್ ನೋಡಿ. ಕೆಲವದರಲ್ಲಿ ಹ್ಯಾಂಡಲ್ ಸೀಟಿನ ಕೆಳಗೇ ಇರುತ್ತದೆ, ಕೈ ಸೊಂಟದ ಪಕ್ಕ ಇಳಿಬಿದ್ದಿರುತ್ತದೆ. ಆದರೂ ಆರಾಮ, ಬೆನ್ನಿಗೆ ಸೀಟಿನ ಆಸರೆ ಇದೆ ಅಲ್ವಾ!

ಇಂಥ ಮೆಸೇಜ್ ಬಂದಾಗ ಯಾವ ಸೈಕಲ್ಲಿಗೆ, ಯಾರ ಮೈಕಟ್ಟಿಗೆ ಅಂತ ಮೊದಲು ಕೇಳಿಕೊಳ್ಳಿ. ಆಮೇಲೆ ನೀವೇ ಪರೀಕ್ಷಿಸಿ. ಒಂದು ಸಲಕ್ಕೆ 1 ಸೆಂಟಿಮೀಟರ್ ಮಾತ್ರ ಬದಲಿಸಿ, ದಿನಾ ಹೋಗುವ ದಾರಿಯಲ್ಲೇ ಓಡಿಸಿ. ಮೊಣಕೈ ಸ್ವಲ್ಪ ಮಡಚಿರಬೇಕು, ಬ್ರೇಕ್ ಸಲೀಸಾಗಿ ಕೈಗೆ ಸಿಗಬೇಕು.

ಇನ್ನೊಂದು, ಇದೇ ಮುಖ್ಯ. ಮೇಲೆ ಎಳೆಯಲು ಬರುವ ಹ್ಯಾಂಡಲ್ ಕಂಬದಲ್ಲಿ ಸಾಮಾನ್ಯವಾಗಿ ಒಂದು ಗೆರೆ ಕೊರೆದಿರುತ್ತದೆ. ಆ ಗೆರೆ ಹೊರಗೆ ಕಾಣುವಷ್ಟು ಎಳೆಯಲೇಬೇಡಿ. ಒಳಗಿನ ಹಿಡಿತ ಸಾಲದೆ ಘಾಟಿ ಇಳಿಯುವಾಗ ಹ್ಯಾಂಡಲ್ ಕೈಗೇ ಕಿತ್ತು ಬರಬಹುದು.