ನಮ್ಮ ಅಳಿವೆಗೂ ಒಂದು ರೇಡಿಯೊ ಬೇಕು
ತಮಿಳುನಾಡಿನ ಪಾಂಬನ್ ದ್ವೀಪದ ಮೀನುಗಾರರ ಸಮುದಾಯ ರೇಡಿಯೊ 'ಕಡಲ್ ಓಸೈ' ಬಗ್ಗೆ ಓದಿ ತುಂಬಾ ಖುಷಿಯಾಯ್ತು. ಇಂಥ ರೇಡಿಯೊದ ಪ್ರಸಾರ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್, ಅಂದ್ರೆ 10-15 ಕಿಲೋಮೀಟರ್ ಮುಟ್ಟೀತು ಅಷ್ಟೆ. ಆದರೆ ದ್ವೀಪಕ್ಕೆ ಅಷ್ಟು ಸಾಕು, ಅಲ್ವಾ?

ನಾನು ಕೇರಳದ ಗಡಿಯ ಮಂಜೇಶ್ವರದವನು. ದೋಣಿ ಇಳಿಸುವ ಮೊದಲು ಅಪ್ಪ ಟ್ರಾನ್ಸಿಸ್ಟರನ್ನು ಪ್ಲಾಸ್ಟಿಕ್ ಚೀಲದೊಳಗೇ ಇಟ್ಟು, ಕಿವಿಗೆ ಒತ್ತಿಕೊಂಡು ಮಂಗಳೂರು ಆಕಾಶವಾಣಿ ಕೇಳುತ್ತಿದ್ದರು. ಚೀಲದ ಮೇಲೆಲ್ಲ ಉಪ್ಪಿನ ಕಲೆ. ಅದು ದೊಡ್ಡ ನಿಲಯ, ಇಡೀ ಕರಾವಳಿಗೆ ಒಂದೇ ಮಾತು. ನಮ್ಮ ಅಳಿವೆ ಬಾಗಿಲಲ್ಲಿ ಇವತ್ತು ಮರಳು ಎಲ್ಲಿ ಕೂತಿದೆ ಅಂತ ಅಲ್ಲಿಂದ ಹೇಳೋಕಾಗುತ್ತಾ? ಅದನ್ನು ಊರಿನವರೇ ಹೇಳಬೇಕು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಅನ್ನುವ ನಮ್ಮಂಥವರಿಗೆ ಇಂಥ ರೇಡಿಯೊ ಇನ್ನೂ ಜಾಸ್ತಿ ಬೇಕು. ಯಾರಾದರೂ ಶುರು ಮಾಡುವುದಾದರೆ ನಾನು ದಿನಾ ಬೆಳಿಗ್ಗೆ ಬರಲು ತಯಾರು.