ಅಧ್ಯಕ್ಷರ ಆಯ್ಕೆ: ಆ ಮೆಸೇಜ್ ಸರಿಯಿಲ್ಲ

"ಕಾಂಗ್ರೆಸ್‌ನಲ್ಲಿ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ ನಡೆದೇ ಇಲ್ಲ, ಬಿಜೆಪಿಯಲ್ಲಿ ಕಾರ್ಯಕರ್ತರೆಲ್ಲ ಓಟು ಹಾಕಿ ಆರಿಸುತ್ತಾರೆ" ಎಂಬ ವಾಟ್ಸಾಪ್ ಮೆಸೇಜ್ ಓಡಾಡುತ್ತಿದೆ. ಎರಡೂ ಮಾತು ತಪ್ಪು.

2022ರ ಅಕ್ಟೋಬರ್ 17ರಂದು ಕಾಂಗ್ರೆಸ್‌ನಲ್ಲಿ ಮತದಾನ ನಡೆಯಿತು. ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆ ಅವರಿಗೆ 7,897 ಮತ, ಶಶಿ ತರೂರ್ ಅವರಿಗೆ 1,072 ಮತ. ಮತಪತ್ರದಲ್ಲಿ ಹೆಸರಿನ ಮುಂದೆ ಟಿಕ್ ಹಾಕಬೇಕಿತ್ತು. ಯಾವ ರಾಜ್ಯ ಯಾರಿಗೆ ಕೊಟ್ಟಿತು ಅಂತ ಗೊತ್ತಾಗಬಾರದೆಂದು ಎಲ್ಲ ರಾಜ್ಯಗಳ ಮತಪತ್ರ ಬೆರೆಸಿ ಎಣಿಸಿದರು. 2000ದಲ್ಲೂ ಸೋನಿಯಾ ಗಾಂಧಿ ಎದುರು ಜಿತೇಂದ್ರ ಪ್ರಸಾದ ನಿಂತಿದ್ದರು. ಆದರೆ ಓಟು ಹಾಕಿದ್ದು ಪ್ರದೇಶ ಕಾಂಗ್ರೆಸ್ (ಪಕ್ಷದ ರಾಜ್ಯ ಘಟಕ) ಪ್ರತಿನಿಧಿಗಳು, ಸಾಮಾನ್ಯ ಸದಸ್ಯರಲ್ಲ. ನಡುವಿನ 22 ವರ್ಷ ಇಂಥ ಸ್ಪರ್ಧೆ ಇರಲೂ ಇಲ್ಲ.

ಬಿಜೆಪಿಯ ರೀತಿ ಬೇರೆ. ಅದರ ಸಂವಿಧಾನದಲ್ಲಿ ಪಕ್ಷದ್ದೇ ಆದ ರಾಷ್ಟ್ರೀಯ ಮತ್ತು ರಾಜ್ಯ ಪರಿಷತ್ ಸದಸ್ಯರ ಮತದಾನಕ್ಕೆ ಅವಕಾಶವಿದೆ. ಆದರೆ ಅಲ್ಲಿ ಒಮ್ಮತದ ಹೆಸರು ಮೊದಲೇ ತೀರ್ಮಾನ ಆಗುವುದೇ ಜಾಸ್ತಿ. 2020ರ ಜನವರಿಯಲ್ಲಿ ಜೆ.ಪಿ. ನಡ್ಡಾ ಅವಿರೋಧವಾಗಿ ಆಯ್ಕೆಯಾದರು. ಇನ್ನೊಂದು ವಿಷಯ, ಬಿಜೆಪಿಯ ಸಂಘಟನಾ ಪ್ರಧಾನ ಕಾರ್ಯದರ್ಶಿ ಸ್ಥಾನಕ್ಕೆ ಸಾಮಾನ್ಯವಾಗಿ ಆರೆಸ್ಸೆಸ್ ಹಿನ್ನೆಲೆಯವರು ಬರುತ್ತಾರೆ. ಕಾಂಗ್ರೆಸ್‌ನಲ್ಲಿ ಹೀಗೆ ಬೇರೆ ಸಂಘಟನೆಯಿಂದ ಬರುವ ವ್ಯವಸ್ಥೆಯಿಲ್ಲ. ನನಗೆ ಇದೇ ದೊಡ್ಡ ವ್ಯತ್ಯಾಸ ಅನಿಸುತ್ತದೆ.

ಯಾವ ಪಕ್ಷ ಇಷ್ಟವಾದರೂ ಸರಿ, ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.