ಇಪ್ಪತ್ತನಾಲ್ಕು ಒಂಟಿ ಕಾಲುಚೀಲ

"ಹೇಗೂ ಸುಮ್ನೆ ಕೂತಿರ್ತೀಯಲ್ಲಮ್ಮ, ಹೆಣೆದುಬಿಡು" ಅಂದಳು ಮಗಳು. ಆ 'ಸುಮ್ನೆ' ಇನ್ನೂ ನನ್ನ ಗಂಟಲಲ್ಲೇ ಇದೆ. ದೋಸೆ ಹುಯ್ದು, ಮೊಮ್ಮಗನಿಗೆ ಒಂದರ ಮೇಲೊಂದು ನಾಲ್ಕು ಬಟ್ಟೆ ತೊಡಿಸಿ ಸ್ಕೂಲಿಗೆ ಕಳಿಸಿ, ವಾಷಿಂಗ್ ಮಷೀನಿನ ಜರ್ಮನ್ ಅಕ್ಷರಗಳ ಜೊತೆ ಗುದ್ದಾಡಿ, ಐದು ನಿಮಿಷ ಕೂತಿದ್ದೆ. ಅವಳ ಕಣ್ಣಿಗೆ ಬಿದ್ದದ್ದು ಆ ಐದು ನಿಮಿಷವೇ.

ಹೆಣೆಯಬೇಕಾದದ್ದು ಕ್ರಿಸ್‌ಮಸ್‌ಗೆ ದಿನ ಎಣಿಸುವ ಅಡ್ವೆಂಟ್ ಕ್ಯಾಲೆಂಡರ್: ಡಿಸೆಂಬರ್ 1ರಿಂದ 24ರವರೆಗೆ ದಿನಕ್ಕೊಂದು ಪುಟ್ಟ ಕಾಲುಚೀಲ. ಒಳಗೆ ಚಾಕೊಲೇಟೋ ರಬ್ಬರೋ ಏನೋ ಒಂದು. ರಟ್ಟಿನದು ಅಂಗಡಿಯಲ್ಲಿ ರಾಶಿ ಬಿದ್ದಿರುತ್ತದೆ. ಅದನ್ನು ಅಚ್ಚು ಹಾಕಿ ಮಾರಿದ ಮೊದಲಿಗರಲ್ಲೊಬ್ಬನಾದ ಗೆರ್ಹಾರ್ಡ್ ಲಾಂಗ್ ಇದೇ ಮ್ಯೂನಿಕ್‌ನಲ್ಲಿದ್ದವನು. ಅವನು ಚಿಕ್ಕವನಿದ್ದಾಗ ಅವನಮ್ಮ ರಟ್ಟಿನ ಮೇಲೆ 24 ಬಿಸ್ಕತ್ತು ಅಂಟಿಸಿ ಕೊಡುತ್ತಿದ್ದಳಂತೆ. ಜಾಣೆ. ಬಿಸ್ಕತ್ತಿಗೆ ಹಿಮ್ಮಡಿ ಇರುವುದಿಲ್ಲ.

ಕಾಲುಚೀಲಕ್ಕೆ ಇರುತ್ತದೆ. ಕಷ್ಟ ಇರುವುದೇ ಅಲ್ಲಿ. 24 ಕುಣಿಕೆಯಲ್ಲಿ 12ನ್ನು ಪಕ್ಕಕ್ಕಿಟ್ಟು, ಉಳಿದ 12ರಲ್ಲಿ ಅರ್ಧ ದಾರಿ ಹೋಗುವುದು, ತಿರುಗುವುದು, ಮತ್ತೆ ಅರ್ಧ ದಾರಿ ಬರುವುದು. ನಡುವೆ ಯಾರಾದರೂ "ಅಮ್ಮಾ, ಉಪ್ಪಿನಕಾಯಿ ಎಲ್ಲಿ?" ಅಂದರೆ ಲೆಕ್ಕ ಹೋಯಿತು. ಅಷ್ಟು ಮಾಡಿಯೂ ಯಾವ ಕಾಲೂ ಅದರೊಳಗೆ ಹೋಗುವುದಿಲ್ಲ!

ಕಾಲುಚೀಲವೇ ಯಾಕೆ ಅಂತ ಮೊಮ್ಮಗ ಕೇಳಿದ. ಸಂತ ನಿಕೊಲಾಸನ ಕಥೆ ಹೇಳಲು ಕೂತೆ. ಈಗಿನ ಟರ್ಕಿಯ ಮೈರಾ ಎಂಬಲ್ಲಿ ಬಿಷಪ್ ಆಗಿದ್ದವನು. ಒಬ್ಬ ಬಡವನಿಗೆ ಮೂರು ಹೆಣ್ಣುಮಕ್ಕಳು. ಮದುವೆ ಮಾಡಲು ದುಡ್ಡಿಲ್ಲ. ನಿಕೊಲಾಸ ರಾತ್ರಿ ಗುಟ್ಟಾಗಿ ಚಿನ್ನದ ಗಂಟು ಒಳಗೆ ಎಸೆದ. ಅದು ಒಣಹಾಕಿದ್ದ ಕಾಲುಚೀಲದಲ್ಲಿ ಬಿತ್ತು.

"ಚಿನ್ನ ಹುಡುಗಿಗಾ ಅಜ್ಜಿ?"

"ಇಲ್ಲ ಪುಟ್ಟಾ, ಮದುವೆಯಾಗೋ ಹುಡುಗನಿಗೆ."

"ಯಾಕೆ? ಅವನೂ ಬಡವನಾ?"

ಸೋಫಾದ ಆ ತುದಿಯಲ್ಲಿ ನಮ್ಮನೆಯವರು ಕೆಮ್ಮಿದರು. ಕೆಮ್ಮಲೇಬೇಕು. 1981ರಲ್ಲಿ ಇವರ ಕಡೆಯವರು "ನಮಗೇನೂ ಬೇಡ" ಅಂದಿದ್ದರು. ಎಲೆ ಅಡಿಕೆ ಹಾಕಿಕೊಂಡ ಮೇಲೆ ಇವರ ಸೋದರತ್ತೆ, "ಹುಡುಗನಿಗೆ ಒಂದು ವಾಚು ಮಾತ್ರ" ಅಂದರು. ಅದೂ ಅಂಥಿಂಥ ವಾಚಲ್ಲ, ಎಚ್‌ಎಂಟಿ ಕಾಂಚನ್ನೇ ಆಗಬೇಕು. ವಾಚೇನೋ ನಮ್ಮ ಬೆಂಗಳೂರಿನ ಕಂಪನಿಯದೇ, ಆದರೆ ಅಂಗಡಿಯಲ್ಲಿ ಕೇಳಿದರೆ ಸ್ಟಾಕ್ ಇಲ್ಲ. ನಮ್ಮಪ್ಪ ಮೂರು ತಿಂಗಳು ಅಲೆದರು. ಕೊನೆಗೆ ಯಾರದೋ ಕೈಕಾಲು ಹಿಡಿದು, ಜಾಸ್ತಿ ದುಡ್ಡು ಕೊಟ್ಟು ತಂದರು. ನಮ್ಮಪ್ಪನಿಗೆ ಯಾವ ನಿಕೊಲಾಸನೂ ಸಿಗಲಿಲ್ಲ.

ಅದು ಆಟೋಮ್ಯಾಟಿಕ್. ಕೀ ಕೊಡುವಷ್ಟಿಲ್ಲ, ಕಟ್ಟಿಕೊಂಡ ಕೈ ಆಡುತ್ತಿದ್ದರೆ ತಾನೇ ಓಡುತ್ತದೆ. ಮದುವೆಯಾಗಿ ಆರು ತಿಂಗಳಿಗೆ ವಾಚು ಆಗಾಗ ನಿಲ್ಲತೊಡಗಿತು. ಅತ್ತೆ, "ನಿಮ್ಮಪ್ಪ ಎಂಥದ್ದೋ ತಂದುಕೊಟ್ಟಿದ್ದಾರೆ" ಅಂದರು. ಇವರು ಅದನ್ನು ರಿಪೇರಿಗೆ ಒಯ್ದರು. ವಾಚಿನವನು ಬಿಚ್ಚಿ ನೋಡಿ, "ವಾಚು ಸರಿಯಾಗಿದೆ ಸಾರ್, ನೀವು ಸ್ವಲ್ಪ ಕೈ ಆಡಿಸಬೇಕು" ಅಂದನಂತೆ. ಮನೆಗೆ ಬಂದು ಅದನ್ನು ಅವರೇ ಹೇಳಿದರು, ನಗುತ್ತಾ. ನಾನು ಪಾತ್ರೆ ತಿಕ್ಕುತ್ತಿದ್ದೆ. ನಲವತ್ತು ವರ್ಷದ ಮೇಲಾಯಿತು, ಅದನ್ನು ಮರೆತಿಲ್ಲ. ಈಗಲೂ ಆ ವಾಚನ್ನೇ ಕಟ್ಟುತ್ತಾರೆ. ಟೈಮನ್ನು ಮಾತ್ರ ಮೊಬೈಲಿನಲ್ಲಿ ನೋಡುತ್ತಾರೆ.

ನವೆಂಬರ್ 28ಕ್ಕೆ ಹನ್ನೊಂದು ಕಾಲುಚೀಲ ಆಗಿದ್ದವು. ಏಳನೆಯದು ಯಾಕೋ ಆನೆಕಾಲು. ಒಂಬತ್ತನೆಯದಕ್ಕೆ ಹಿಮ್ಮಡಿಯೇ ಇಲ್ಲ. ಅದಕ್ಕೆ ಹಾವು ಅಂತ ಹೆಸರಿಟ್ಟು ಮೊಮ್ಮಗ ಆಗಲೇ ತನ್ನದು ಮಾಡಿಕೊಂಡಿದ್ದ. ಕೆಂಪು ಉಲ್ಲನ್ ಮುಗಿಯಿತು. ಮಗಳು ಹೊಸದು ತಂದಳು, ಉಂಡೆಯಲ್ಲ, ಲಡಿ. ಯಾರಾದರೂ ಎರಡೂ ಕೈಗೆ ಹಾಕಿಕೊಂಡು ಕೂರಬೇಕು.

"ರೀ, ಸುಮ್ನೆ ಕೂತಿದೀರಲ್ಲ" ಅಂದೆ.

ಕೂತರು. ನಾನು ಉಂಡೆ ಸುತ್ತುತ್ತಾ ಹೋದೆ. ದಾರ ಬಿಡಲು ಇವರು ಕೈಗಳನ್ನು ಎಡಕ್ಕೆ, ಬಲಕ್ಕೆ, ಎಡಕ್ಕೆ ಆಡಿಸುತ್ತಿದ್ದರು. ಅರ್ಧ ಲಡಿ ಮುಗಿದಿರಬೇಕು. ಮೊಮ್ಮಗ ಬಗ್ಗಿ ಅವರ ಮಣಿಕಟ್ಟಿಗೆ ಕಿವಿ ಇಟ್ಟ.

"ಅಜ್ಜೀ, ತಾತನ ವಾಚು ಓಡ್ತಿದೆ!"